ಕಿತ್ತಳೆ ಪೈಪಿನ ತಾಳಿಕೆ

ಬಿಸಿಲು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಪುಡಿಪುಡಿಯಾದ ಬಟ್ಟೆ ಕ್ಲಿಪ್ಪುಗಳನ್ನು ಗುಡಿಸಿ ಗುಡಿಸಿ ಸೊಂಟ ಬಿದ್ದಿರುವ ಸಿಡ್ನಿ ಕನ್ನಡಿಗರಿಗೆ ಇದನ್ನು ಬೇರೆ ಹೇಳಬೇಕೆ? ಹೇಳಬೇಕು! ರೌಸ್ ಹಿಲ್‌ನ ತೇಜಸ್‌ಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವ ಕುಳವಲ್ಲ ಅದು.

೨೦೦೯ರಲ್ಲಿ ಇಡೀ ಸಬರ್ಬಿಗೆ ಸೋಲಾರ್ ಜ್ವರ ಬಂದಿತ್ತು. ರೂಫ್ ಮೇಲೆ ಕರೆಂಟಿನ ಪ್ಯಾನೆಲ್ ಕೂರಿಸಲು ತೇಜಸ್ ಮನೆಗೆ ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಸೋಮವಾರ ಬರುವವನಿದ್ದ. "ವೈರಿನ ಪೈಪು ಮಾತ್ರ ನನ್ನ ಆಯ್ಕೆ! ಮೊಮ್ಮಕ್ಕಳ ಕಾಲಕ್ಕೂ ಅಲುಗಬಾರದು!" ಎಂದು ಘೋಷಿಸಿದ ತೇಜಸ್, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಕಾರಿನ ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಪೈಪು ಹೇರಿಕೊಂಡು ಬಂದ. ಅದರ ಮೇಲೆ 'ಹೆವಿ ಡ್ಯೂಟಿ' ಎಂದಿತ್ತು. ಆ ಎರಡು ಪದ ಕಂಡರೆ ಸಾಕು, ನಮ್ಮ ಗಂಡಸರ ಬುದ್ಧಿ ಲೈಟ್ ಡ್ಯೂಟಿಗೆ ಇಳಿಯುತ್ತದೆ!

ಸಾಲದ್ದಕ್ಕೆ ಮೆಲ್ಬರ್ನಿನ ಗೆಳೆಯ ಭಾಸ್ಕರನಿಗೂ ಫೋನ್ ಮಾಡಿದ. ಅವನ ಮನೆಗೂ ಅದೇ ವಾರ ಪ್ಯಾನೆಲ್ ಬರುವುದಿತ್ತು. "ಕಿತ್ತಳೆ ತಗೋ ಗುರೂ, ಯೋಚನೆನೇ ಬೇಡ!"

ಹೆಂಡತಿ ಸಂಯುಕ್ತಾ ಪೈಪನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು.

"ರೀ, ಇದು ಮಣ್ಣೊಳಗೆ ಹೂಳೋ ಪೈಪಲ್ವಾ? ಗಾರ್ಡನ್ ಲೈಟಿಗೆ ಇದನ್ನೇ ತಾನೇ ಹೂತಿದ್ದು?"

"ಗಟ್ಟಿ ಅಂತಾನೇ ಹೂತಿದ್ದು ಕಣೇ! ಗುದ್ದಲಿ ಬಿದ್ರೂ ಜಗ್ಗಲ್ಲ."

"ರೂಫ್ ಮೇಲೆ ಯಾರ್ರೀ ಗುದ್ದಲಿ ಹಿಡ್ಕೊಂಡು ಬರ್ತಾರೆ? ಅಲ್ಲಿ ಬರೋದು ಬಿಸಿಲು. ತಾಳುತ್ತಾ ಅಂತ ಅಂಗಡೀಲಿ ಕೇಳಿದ್ರಾ?"

"ನಾನು ಎಂಜಿನಿಯರು. ಕೇಳೋದೇನು?"

"ತಾಳಿ ಕಟ್ಟೋವಾಗ್ಲೂ ಏನೂ ಕೇಳ್ಲಿಲ್ಲ. ನನ್ನ ತಾಳಿಕೆ ದೊಡ್ಡದು, ಬಚಾವಾದ್ರಿ!"

ಅಷ್ಟಕ್ಕೇ ಬಿಡಲಿಲ್ಲ. ಹಿತ್ತಲಿಗೆ ಎಳೆದುಕೊಂಡು ಹೋದಳು. ಗಾರ್ಡನ್ ಲೈಟಿಗೆ ಹಾಕಿ ಉಳಿದಿದ್ದ ಪೈಪು ಅವರೆ ಬಳ್ಳಿಗೆ ಆಸರೆಯಾಗಿ ನಿಂತು, ಮೂರು ಬೇಸಿಗೆ ಕುಡಿದು ಬಿಳಿಚಿಕೊಂಡಿತ್ತು.

"ಬಗ್ಗಿಸಿ ನೋಡಿ."

"ಆನೆ ತುಳಿದ್ರೂ..." ಎನ್ನುತ್ತ ತೇಜಸ್ ಅದನ್ನು ಮೊಣಕಾಲಿಗೆ ಕೊಟ್ಟು ಒತ್ತಿದ. ಫಟ್! ಬಳ್ಳಿಯನ್ನು ಅಪ್ಪಿಕೊಂಡೇ ಮಕಾಡೆ ಬಿದ್ದ. ಶಿವಧನುಸ್ಸು ಮುರಿದವನಿಗೆ ಸೀತೆ ಸಿಕ್ಕಳು. ಇವನಿಗೆ ಸಿಕ್ಕಿದ್ದು ಬಾಯಿ ತುಂಬ ಅವರೆ ಎಲೆ!

"ನಮ್ಮದನ್ನ ವಾಪಸ್ ಕೊಡಬಹುದು," ಎಂದಳು ಸಂಯುಕ್ತಾ. ಈಗ ಅವಳು ನಗುತ್ತಿರಲಿಲ್ಲ. "ಭಾಸ್ಕರಂದು? ಪೈಪು ಸೀಳಿದ್ರೆ ವೈರು ಬಿಸಿಲಿಗೆ, ಮಳೆಗೆ. ಆಮೇಲೆ ಬೆಂಕಿ. ಆ ರೂಫ್ ಕೆಳಗೆ ಅವರ ಮಗು ಮಲಗುತ್ತೆ ಕಣ್ರೀ. ಫೋನ್ ಮಾಡಿ."

"ನನ್ನ ಮರ್ಯಾದೆ?"

"ಅದೂ ಪ್ಲಾಸ್ಟಿಕ್ಕಾ?"

ಗಂಡನ ಮಾನ ಕಾಪಾಡುವುದೇ ಸಂಸಾರ ಎಂದು ನಂಬಿಸುವ ಸಮಾಜ ನಮ್ಮದು. ಇನ್ನೊಂದು ಊರಿನ ಮಗುವಿಗಾಗಿ ಆ ಮಾನವನ್ನು ಹಿತ್ತಲಿನ ಕಸದ ಜೊತೆ ಗುಡಿಸಿದ ಈ ಹೆಣ್ಣಿಗೆ ನನ್ನದೊಂದು ಉದ್ದಂಡ ನಮಸ್ಕಾರ!

ತೇಜಸ್ ಫೋನ್ ಎತ್ತಿದ. "ಗುರೂ, ಕಿತ್ತಳೆ ಬೇಡ. ಬಿಸಿಲು ತಾಳುತ್ತೆ ಅಂತ ಗುರುತು ಇರೋ ಬೂದು ಪೈಪು ತಗೋ. ಗೊತ್ತಿಲ್ದೆ ಹೇಳ್ಬಿಟ್ಟೆ."

ಆ ಕಡೆಯಿಂದ ಭಾಸ್ಕರನ ನಗು ಕೇಳಿಸಿತು. "ಬೂದೂನೇ ತಂದಿಟ್ಟಿದೀನಿ ಬಿಡೋ! ನೀನು ಕಿತ್ತಳೆ ಅಂದೆಯಲ್ಲ, ಆಗ್ಲೇ ಅದು ಬೇಡ ಅಂತ ಗೊತ್ತಾಯ್ತು!"

ಭಾಸ್ಕರ ಬುದ್ಧಿವಂತ, ಬಚಾವಾದ. ನಿಮ್ಮ ಮಾತು ನಂಬಿದವರ ಗತಿ? ಗೊತ್ತಿಲ್ಲದ್ದನ್ನು ಗೊತ್ತಿದ್ದವರಂತೆ ಯಾರಿಗೆ ಹೇಳಿದ್ದೀರಿ ನೆನಪಿಸಿಕೊಳ್ಳಿ. ಪತ್ರಿಕೆ ಕೆಳಗಿಡಿ. ಈಗಲೇ ಅವರಿಗೆ ಫೋನ್ ಮಾಡಿ!