ಕುಲಾವಿಗೆ ಸಾಲುವಷ್ಟು ಬಟ್ಟೆ

ಬೆರಳಗಲದ ಬಟ್ಟೆಚೂರನ್ನು ನೋಡಿದ ಕೂಡಲೇ ಇದು ಕಸ ಎಂದು ಯಾರಿಗೆ ಅನ್ನಿಸುತ್ತದೋ ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಮನೆಯಲ್ಲಿ ಮಂಚದ ಕೆಳಗೆ ಜಾಗ ಇರುತ್ತದೆ. ಬೀರು ತೆಗೆದರೆ ಬಾಗಿಲಷ್ಟೇ ತೆರೆದುಕೊಳ್ಳುತ್ತದೆ, ಮೈಮೇಲೆ ಏನೂ ಬೀಳುವುದಿಲ್ಲ. ನಮ್ಮ ಮನೆಯ ವಿಷಯ ಬೇರೆ. ಕೊಳ್ಳೇಗಾಲದಲ್ಲಿ ನಾವಿರುವ ಬೀದಿಯಲ್ಲಿ ಮೂರು ಟೈಲರ್ ಅಂಗಡಿಗಳಿವೆ. ಮೂರೂ ಅಂಗಡಿಯವರು ಶನಿವಾರ ಸಂಜೆ ಗುಡಿಸಿದ ಚೂರುಗಳನ್ನು ಚೀಲಕ್ಕೆ ತುಂಬಿ, "ಅಕ್ಕಾರೆ, ನಿಮ್ದು ಮಡಗಿವ್ನಿ" ಎಂದು ಕರೆದು ಕೊಡುತ್ತಾರೆ. ಪಾಪ, ನನ್ನ ಮೇಲೆ ಎಷ್ಟು ವಿಶ್ವಾಸ ಎಂದು ಬಹಳ ದಿನ ಬೀಗುತ್ತಿದ್ದೆ. ಕಸದ ಗಾಡಿಯವರು ಬಟ್ಟೆಚೂರು ಹಾಕಿಸಿಕೊಳ್ಳಲು ತಕರಾರು ಮಾಡುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ತರುವುದನ್ನು ಬಿಟ್ಟಿಲ್ಲ, ಅದು ಬೇರೆ ಮಾತು.

ತಂದದ್ದನ್ನು ಸುಮ್ಮನೆ ಇಡುವವಳಲ್ಲ ನಾನು. ಮದುವೆಯಲ್ಲಿ ನಮ್ಮಪ್ಪ ಹನೂರಿನಿಂದ ಒಂದು ಕಾಲುಮಿಷನ್ನು ಕೊಟ್ಟು ಕಳಿಸಿದ್ದ. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆಯ ಯಾವ ವಸ್ತುವನ್ನೂ ನಾನು ಬರಿಮೈಯಲ್ಲಿ ಬಿಟ್ಟಿಲ್ಲ. ಮಿಕ್ಸಿಗೆ ಅಂಗಿ, ಟೀವಿಗೆ ಹೊದಿಕೆ, ರಿಮೋಟಿಗೆ ಚೀಲ, ಫ್ರಿಜ್ಜಿನ ಹಿಡಿಗೆ ಕೈಗವಸು. ಗ್ಯಾಸ್ ಸಿಲಿಂಡರಿಗೆ ನೆರಿಗೆ ಹಿಡಿದು ಒಂದು ಲಂಗ ಹೊಲಿದೆ. ಅದನ್ನು ಸಿಲಿಂಡರಿನವನು ಖಾಲಿ ಸಿಲಿಂಡರಿನ ಜೊತೆಯಲ್ಲೇ ಎತ್ತಿಕೊಂಡು ಹೋದ. ಗೋಡೌನಿಗೆ ಹೋಗಿ ಲಂಗ ವಾಪಸ್ ಕೇಳಿಕೊಂಡು ಬನ್ನಿ ಎಂದರೆ ನಮ್ಮ ಯಜಮಾನರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದವರು, ಮರ್ಯಾದೆಗೆ ಅಂಜುವ ಜನ.

ನನ್ನ ಹೊಲಿಗೆ ನೇರ ಬರುವುದಿಲ್ಲ ಎಂಬುದನ್ನು ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ತಾಳಬೆಟ್ಟ ದಾಟಿದ ಮೇಲೆ ಮಾದೇಶ್ವರನ ಬೆಟ್ಟದ ರಸ್ತೆ ಹೇಗೆ ತಿರುಗುತ್ತದೋ ಹಾಗೆ ನನ್ನ ಹೊಲಿಗೆ ಎನ್ನುವುದು ಯಜಮಾನರ ಅಭಿಪ್ರಾಯ. ಆ ರಸ್ತೆ ಅವರಿಗೆ ಚೆನ್ನಾಗಿ ಗೊತ್ತು, ಒಂದು ವರ್ಷದ ಜಾತ್ರೆಗೆ ನಡೆದುಕೊಂಡೇ ಹೋಗಿದ್ದರು. ಆಗ ಹೆಗಲಿಗೆ ನಾನು ಹೊಲಿದ ಚೀಲವನ್ನೇ ಹಾಕಿ ಕಳಿಸಿದ್ದೆ, ನಲವತ್ತು ರವಿಕೆಗಳ ಚೂರು ಸೇರಿಸಿ ಹೊಲಿದದ್ದು. ಕೌದಳ್ಳಿಯ ಹತ್ತಿರ ಹಿಂದೆ ಬರುತ್ತಿದ್ದ ನಮ್ಮ ಬೀದಿಯದೇ ಹೆಂಗಸೊಬ್ಬಳು ಚೀಲವನ್ನು ದಿಟ್ಟಿಸಿ ನೋಡಿ, ಆ ಮೂಲೆಯ ತುಂಡು ತನ್ನ ರವಿಕೆಯದು ಎಂದು ಹತ್ತು ಜನರ ಎದುರಿಗೆ ಗುರುತು ಹಿಡಿದಳಂತೆ. ಯಜಮಾನರು ಅಲ್ಲಿಂದ ಬೆಟ್ಟದವರೆಗೆ ಚೀಲವನ್ನು ಟವಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಡೆದರಂತೆ. ಬಂದವರೇ ನನಗೆ ಕೈ ಮುಗಿದರು, ದೇವರಿಗಾದರೂ ಅಷ್ಟು ಭಕ್ತಿಯಿಂದ ಮುಗಿದಿದ್ದರೋ ಇಲ್ಲವೋ.

ಇಷ್ಟನ್ನೂ ನಗುತ್ತಾ ಹೇಳುತ್ತಿದ್ದೇನೆ. ಇನ್ನು ಮುಂದಿನದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ನಮಗೆ ಒಬ್ಬಳೇ ಮಗಳು, ಶೋಭ. ಯಳಂದೂರಿಗೆ ಕೊಟ್ಟಿದ್ದೇವೆ. ಮದುವೆಯಾಗಿ ಎರಡು ವರ್ಷಕ್ಕೆ ಬಸುರಿಯಾದಳು. ಏಳನೇ ತಿಂಗಳಲ್ಲಿ ಚೊಚ್ಚಲ ಬಾಣಂತನಕ್ಕೆಂದು ಕರೆದುಕೊಂಡು ಬರಲು ಹೋದೆ. ಕಾರು ಹತ್ತುವ ಹೊತ್ತಿಗೆ ನಮ್ಮ ಬೀಗಿತ್ತಿ ಚಿಕ್ಕತಾಯಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಮಗಳಿಗೆ ಏನು ಉಣ್ಣಿಸಬೇಕು, ಏನು ಉಣ್ಣಿಸಬಾರದು ಎಂದು ಹೇಳುತ್ತಾರೇನೋ ಎಂದುಕೊಂಡೆ. ಅವರಿಗೆ ಆ ಚಿಂತೆ ಇರಲಿಲ್ಲ, ನನ್ನ ಮಿಷನ್ನಿನ ಚಿಂತೆ ಇತ್ತು.

"ನೋಡಿ ಬೀಗ್ತೇರೆ, ಕೂಸು ಉಟ್ಟಿ ಎಸ್ರು ಮಡಗೋಗಂಟ ಒಸ ಬಟ್ಟೆ ಒಲಿಬ್ಯಾಡಿ. ನಿಮ್ ಕೈ ಸುಮ್ನಿರಾಕಿಲ್ಲ, ಅದ್ಕೇ ಯೋಳ್ತಾ ಇವ್ನಿ" ಎಂದರು.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತೇ ಅದು. ಹುಟ್ಟದೆ ಇರುವ ಕೂಸಿಗೆ ಹೊಸದನ್ನು ತರಬಾರದು, ಹೊಲಿಯಬಾರದು. ಹಳೆಯ ಪಂಚೆ, ನೂಲಿನ ಸೀರೆ ಹರಿದು, ಒಗೆದು, ಬಿಸಿಲಿಗೆ ಹಾಕಿ ಮಡಿಸಿಟ್ಟುಕೊಳ್ಳಬೇಕು. ಹನೂರಿನಲ್ಲಿ ನನ್ನನ್ನು ಮೊದಲು ಸುತ್ತಿದ್ದು ನಮ್ಮಜ್ಜನ ಪಂಚೆಯ ತುಂಡಿನಲ್ಲಂತೆ. ನಾನು ಹೂಂ ಎಂದು ತಲೆಯಾಡಿಸಿ ಬಂದೆ. ಬಂದು ಯಜಮಾನರ ಪಂಚೆ ಹರಿದೆ, ನನ್ನ ಸೀರೆ ಹರಿದೆ. ಶೋಭಳ ರವಿಕೆಗಳ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಮಾಡಲು ಕೆಲಸವೇ ಉಳಿಯಲಿಲ್ಲ.

ಆವಾಗಲೇ ಆ ರೇಷ್ಮೆ ಕಣ್ಣಿಗೆ ಬಿದ್ದದ್ದು. ಶೋಭಳ ಧಾರೆಸೀರೆಯ ರವಿಕೆ ಹೊಲಿಸಿದಾಗ ಉಳಿದಿದ್ದ ತುಂಡು, ಹಣ್ಣಡಿಕೆ ಬಣ್ಣ, ಒಂದು ಅಂಚಿನಲ್ಲಿ ಬೆರಳಗಲ ಜರಿ. ಇನ್ಯಾವುದಕ್ಕೂ ಸಾಲದು, ಒಂದು ಕುಲಾವಿಗೆ ಸಾಕು. ಕೂಸಿನ ಕಿವಿ ಮುಚ್ಚಿ, ಹಿಂದೆ ಕತ್ತಿನ ಮೇಲೆ ಇಳಿಯುವ ಆ ಟೋಪಿಗೆ ಎಷ್ಟು ಬಟ್ಟೆ ಬೇಕೋ ಅಷ್ಟೇ ಇತ್ತು. ದೇವರೇ ಅಳೆದು ಕೊಟ್ಟಿದ್ದಾನೆ ಎನ್ನಿಸಿತು. ನಾನು ಕೋರ್ಟಿಗೆ ಹೋದವಳಲ್ಲ, ಆದರೂ ಅವತ್ತು ಮನಸ್ಸಿನಲ್ಲೇ ಎಂಥಾ ವಾದ ಮಾಡಿದೆ ಎಂದರೆ ಯಾವ ಲಾಯರೂ ಮಾಡಲಾರ. ಬೀಗಿತ್ತಿ ಹೇಳಿದ್ದು ಹೊಸ ಬಟ್ಟೆ. ಇದು ಹೊಸದಲ್ಲ, ಉಳಿದದ್ದು. ಇದರ ರವಿಕೆಯನ್ನು ಶೋಭ ಆಗಲೇ ತೊಟ್ಟು ಬಿಟ್ಟಿದ್ದಾಳೆ. ತೊಟ್ಟ ಬಟ್ಟೆಯ ಉಳಿಕೆ ಹಳೆಯ ಬಟ್ಟೆಯೇ ಆಗಬೇಕು. ಹೀಗೆಂದು ತೀರ್ಪನ್ನೂ ನಾನೇ ಕೊಟ್ಟುಕೊಂಡು, ಶೋಭ ಮಧ್ಯಾಹ್ನ ಮಲಗಿದ್ದಾಗ ಹೊಲಿದುಬಿಟ್ಟೆ. ಗದ್ದದ ಕೆಳಗೆ ಕಟ್ಟಲು ಎರಡು ಲಾಡಿ ಹಚ್ಚಿದೆ. ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್ ಡಬ್ಬಿಯ ಕೆಳಗೆ ಬಚ್ಚಿಟ್ಟೆ. ಎಷ್ಟು ಮುದ್ದಾಗಿತ್ತು ಎಂದರೆ, ಯಾರಿಗೂ ತೋರಿಸಲಾಗದೆ ಹೊಟ್ಟೆಯುಬ್ಬರ ಬಂದ ಹಾಗೆ ಓಡಾಡಿದೆ.

ಎಂಟು ತಿಂಗಳು ತುಂಬುವುದಕ್ಕೆ ನಾಲ್ಕು ದಿನ ಇತ್ತು. ಬೆಳಗಿನಿಂದ ಕೂಸು ಮಿಸುಕಲಿಲ್ಲ ಎಂದು ಶೋಭ ಹೇಳಿದಳು. ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಸ್ಕ್ಯಾನ್ ಮಿಷನ್ ಇಟ್ಟು ಬಹಳ ಹೊತ್ತು ನೋಡಿದರು, ಇನ್ನೊಬ್ಬರನ್ನು ಕರೆದು ತೋರಿಸಿದರು. ಆಮೇಲೆ ನನ್ನನ್ನು ಹೊರಗೆ ಕಳಿಸಲಿಲ್ಲ, ಕೂಸಿನ ಎದೆಬಡಿತ ನಿಂತುಹೋಗಿದೆ ಎಂದು ಅಲ್ಲೇ ಹೇಳಿದರು. ಅವತ್ತೇ ಹೆರಿಗೆ ಮಾಡಿಸಿದರು, ಹೆಣ್ಣು ಕೂಸು. ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿಗಿದುಕೊಂಡಿತ್ತು. ಒಮ್ಮೊಮ್ಮೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಶೋಭಳ ಕೈ ಹಿಡಿದುಕೊಂಡು ಹೇಳಿದರು. ನಾನು ಅಲ್ಲೇ ನಿಂತಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಎರಡು ಲಾಡಿ, ಗದ್ದದ ಕೆಳಗೆ ಕಟ್ಟಲೆಂದು ನಾನು ಹಚ್ಚಿದ ಎರಡು ಲಾಡಿ. ಡಾಕ್ಟರಮ್ಮ ಕುಲಾವಿಯನ್ನು ನೋಡಿಲ್ಲ, ನೋಡಿದ್ದರೆ ಯಾರ ತಪ್ಪೂ ಅಲ್ಲ ಎಂದು ಹೇಳುತ್ತಿರಲಿಲ್ಲ ಎಂದುಕೊಂಡೆ. ಓದುವ ನಿಮಗೆ ಇದು ಹುಚ್ಚು ಎನ್ನಿಸಬಹುದು. ಯಜಮಾನರಿಗೆ ಹೇಳಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಅದಕ್ಕೇ ಹೇಳಲಿಲ್ಲ.

ಯಳಂದೂರಿನಿಂದ ಬೀಗರೆಲ್ಲ ಬಂದರು. ಚಿಕ್ಕತಾಯಮ್ಮ ಕೆಟ್ಟವರಲ್ಲ. ಶೋಭಳ ತಲೆ ಸವರುತ್ತಾ ಅವಳಿಗಿಂತ ಹೆಚ್ಚಾಗಿ ಅವರೇ ಅತ್ತರು. ಮಣ್ಣು ಮಾಡಿ ಬಂದ ಮೇಲೆ ನಮ್ಮ ಹಜಾರದಲ್ಲಿ ಕೂತಿದ್ದಾಗ, ಯಾರೂ ಏನೂ ಹೊಸದು ತಂದಿರಲಿಲ್ಲ ಅಲ್ಲವಾ ಎಂದು ಕೇಳಿದರು. ನನ್ನನ್ನೇ ಕೇಳಿದರು ಎಂದೇನಿಲ್ಲ, ಗೋಡೆಯನ್ನು ಕೇಳಿದ ಹಾಗೆ ಕೇಳಿದರು. ಇಲ್ಲ ಎಂದು ನಾನೇ ಬಾಯಿ ಹಾಕಿದೆ. ಅಷ್ಟು ಬೇಗ, ಅಷ್ಟು ನುಣ್ಣಗೆ ಸುಳ್ಳು ಹೇಳಲು ನನಗೆ ಬರುತ್ತದೆ ಎಂಬುದು ಅವತ್ತಿನವರೆಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಶೋಭ ಮಲಗಿದ್ದಳು. ಸ್ನಾನಕ್ಕೆ ನೀರು ಕಾಯಿಸಲು ಹಂಡೆಯ ಒಲೆ ಹಚ್ಚಿದ್ದೆ. ಡ್ರಾಯರು ಎಳೆದು, ಕುಲಾವಿ ತೆಗೆದು, ಒಲೆಗೆ ಹಾಕಿಬಿಟ್ಟೆ. ಜೀವಮಾನದಲ್ಲಿ ಒಂದು ಎಳೆ ದಾರ ಎಸೆದವಳಲ್ಲ ನಾನು. ಈಗ ಹೇಳುವುದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಶೋಭಳ ಧಾರೆಸೀರೆಯನ್ನು ನಾವು ಮಗ್ಗದವರ ಮನೆಯಿಂದಲೇ ತಂದಿದ್ದೆವು. ಅದು ಅಪ್ಪಟ ರೇಷ್ಮೆಯೋ, ಬೆರಕೆಯೋ ಎಂದು ನನಗೂ ಯಜಮಾನರಿಗೂ ಮದುವೆಯಿಂದ ವಾದ ಇತ್ತು. ಎಳೆ ಸುಟ್ಟು ನೋಡಿದರೆ ಗೊತ್ತಾಗುತ್ತದೆ, ಅಪ್ಪಟವಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ ಎಂದು ಕೊಳ್ಳೇಗಾಲದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಂದು ಎಳೆ ಸುಡಲೂ ಬಿಟ್ಟಿರಲಿಲ್ಲ. ಈಗ ಕುಲಾವಿ ಸುರುಟಿಕೊಂಡಿತು, ಬಚ್ಚಲು ತುಂಬ ಕೂದಲು ಸುಟ್ಟ ವಾಸನೆ. ನಾನು ಮೂಗು ಮುಂದೆ ಮಾಡಿ ಎರಡು ಸಲ ಎಳೆದುಕೊಂಡು, ಪರವಾಗಿಲ್ಲ, ಮಗ್ಗದವನು ಮೋಸ ಮಾಡಿಲ್ಲ ಎಂದುಕೊಂಡೆ. ಮೊಮ್ಮಗಳನ್ನು ಮಣ್ಣು ಮಾಡಿದ ಮಾರನೆಯ ದಿನ ಒಬ್ಬ ಅಜ್ಜಿ ಯೋಚನೆ ಮಾಡಿದ್ದು ಇದನ್ನು.

ನಲವತ್ತು ದಿನ ಆರೈಕೆ ಮಾಡಿ ಶೋಭಳನ್ನು ಕಳಿಸಿಕೊಟ್ಟೆವು. ಅದಾಗಿ ಮೂರು ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ ಒಬ್ಬಳೇ ಯಳಂದೂರಿನ ಬಸ್ಸಿನಲ್ಲಿ ಬಂದಳು. ಕೈಯಲ್ಲಿ ನಾಲ್ಕು ರವಿಕೆ ಇದ್ದವು, ಬಸುರಿಯಲ್ಲಿ ನಾನು ಸಡಿಲ ಮಾಡಿಕೊಟ್ಟವು. ಈಗ ದೊಗಳೆಯಾಗುತ್ತವೆ, ಮತ್ತೆ ಹಿಡಿದುಕೊಡು ಎಂದಳು. ನಾನು ಮಿಷನ್ ಮುಂದೆ ಕೂತೆ, ಅವಳು ನೆಲದ ಮೇಲೆ ನನ್ನ ಚೂರುಬಟ್ಟೆಯ ಗಂಟಿಗೆ ಒರಗಿಕೊಂಡು ಕೂತಳು. ಮೊದಲಾಗಿದ್ದರೆ ಆ ಗಂಟನ್ನು ಕಾಲಲ್ಲಿ ಒದ್ದು, ಇದನ್ನೆಲ್ಲ ಹೊರಗೆ ಹಾಕು ಎಂದು ಜಗಳ ತೆಗೆಯುತ್ತಿದ್ದಳು. ನಾನೇ ಅದು ಇದು ಹರಟುತ್ತಾ ಎರಡು ರವಿಕೆ ಮುಗಿಸಿದೆ.

"ಅವ್ವ, ಆ ಕುಲಾವಿ ನಂಗೆ ಕೊಟ್ಬುಡು. ಮಡಿಕತೀನಿ" ಎಂದಳು.

ಮಿಷನ್ ತುಳಿಯುತ್ತಿದ್ದ ನನ್ನ ಕಾಲು ನಿಂತಿತು. ಯಾವ ಕುಲಾವಿ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ, ಗಂಟಿನಿಂದ ಒಂದು ಚೂರು ಎಳೆದು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು.

"ಬಾಬಿನ್ ಡಬ್ಬಿ ಕೆಳಗಿತ್ತಲ್ಲ, ಅದು. ಸೂಜಿ ಉಡುಕುವಾಗ ಸಿಕ್ತು. ನೀನು ಆಲು ತರಕ್ಕೆ ಓದಾಗೆಲ್ಲ ತಗದು ನೋಡ್ತಿದ್ದೆ. ಒಂದಿನ ಒಟ್ಟೆ ಮ್ಯಾಲೆ ಮಡಿಕಂಡು, ನೋಡ್ಲಾ ಕೂಸೆ, ನಿಮ್ಮಜ್ಜಿ ಒಲ್ದವ್ಳೆ ಅಂದೆ. ಅದುಕ್ಕೆ ಅಂತ ಇದ್ದದ್ದು ಅದೊಂದೆಯಾ ಕನವ್ವ."

ಹೌದಲ್ಲ. ಮಿಕ್ಕದ್ದೆಲ್ಲ ನಮ್ಮ ಪಂಚೆ, ನಮ್ಮ ಸೀರೆ. ಒಂದು ಫೋಟೋ ಇಲ್ಲ, ಹೆಸರಿಲ್ಲ. ಆ ಕೂಸಿಗೇ ಎಂದು ಈ ಲೋಕದಲ್ಲಿ ಇದ್ದದ್ದು ಅಂಗೈ ಮೇಲೆ ಕೂರುವ ಒಂದು ಟೋಪಿ. ಡ್ರಾಯರಿನಲ್ಲಿ ಇನ್ನೂ ಅದೇ ರೇಷ್ಮೆಯ ಎರಡು ಬೆರಳಗಲದ ಚೂರು ಉಳಿದಿತ್ತು. ಎಲ್ಲೋ ಇಟ್ಟಿದ್ದೇನೆ, ಹುಡುಕಿ ಕೊಡುತ್ತೇನೆ ಎಂದು ಹೇಳಿ, ಇನ್ನೊಂದು ಹೊಲಿದು ಕೈಗಿಟ್ಟುಬಿಡಲೇ ಎಂಬ ಯೋಚನೆ ಬಂತು. ಬಟ್ಟೆ ಸಾಲುತ್ತಿರಲಿಲ್ಲ. ಸಾಲುವಷ್ಟು ಇದ್ದಿದ್ದರೆ ಏನು ಮಾಡುತ್ತಿದ್ದೆನೋ, ನನ್ನ ಮೇಲೆ ನನಗೆ ಭರವಸೆ ಇಲ್ಲ.

"ಸುಟ್ಟಾಕ್ಬುಟ್ಟೆ ಕನೆ" ಎಂದೆ. "ನೋಡುದ್ರೆ ನಿಂಗೆ ಸಂಕಟಾಯ್ತದೆ ಅಂತ." ಅಷ್ಟಕ್ಕೆ ಬಿಡಬಹುದಿತ್ತು, ಅವಳು ನಂಬುತ್ತಿದ್ದಳು. ಆದರೆ ಬಾಯಿ ನಿಲ್ಲಲಿಲ್ಲ. "ಅಂಗಲ್ಲ. ನಿಮ್ಮತ್ತೆ ಕೇಳುದ್ರು. ನನ್ ಮ್ಯಾಲೆ ಮಾತು ಬತ್ತದೆ ಅಂತ ಸುಟ್ಟೆ. ನಾನೇ ಒಲ್ದು ಕೂಸ್ನ ಕಳ್ದೆ ಅಂತ ಅಂದ್ಕಂಡಿದ್ದೆ. ಈಗ್ಲೂ ಅಂದ್ಕತೀನಿ."

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತು ಬೆರಳಿಗೆ ಸುತ್ತಿದ ಚೂರನ್ನು ಬಿಚ್ಚಿ ಸುತ್ತಿ ಮಾಡಿದಳು. ಕೂಸು ಹೋದದ್ದು ಅದರಿಂದಲ್ಲ, ಹಾಗೆ ಅಂದುಕೊಳ್ಳಬೇಡ ಎಂದಳು. ಆಮೇಲೆ, ಸುಡುವಾಗ ನಿನಗೆ ಅಳು ಬಂತಾ ಎಂದು ಕೇಳಿದಳು. ಬಂತು ಎಂದು ಹೇಳಿದ್ದರೆ ನನಗೆ ಎಷ್ಟು ಒಳ್ಳೆಯದಿತ್ತು.

"ಇಲ್ಲ ಕನೆ. ವಾಸ್ನೆ ನೋಡ್ದೆ. ಅಪ್ಪಟ ರೇಷ್ಮೆ" ಎಂದೆ.

ಶೋಭ ನನ್ನ ಮುಖ ನೋಡಿದಳು. ಮೊದಲು ಮೂಗಿನಲ್ಲಿ ಬಂತು ನಗು, ಆಮೇಲೆ ಬಾಯಿಗೆ. ಅಷ್ಟು ತಿಂಗಳಲ್ಲಿ ಅವಳು ನಕ್ಕದ್ದು ಅವತ್ತೇ. ಬಾಯಿ ಮುಚ್ಚಿಕೊಂಡು ನಗುತ್ತಿದ್ದವಳ ಭುಜ ಅಲುಗುವುದು ನಿಲ್ಲಲಿಲ್ಲ, ನೋಡಿದರೆ ಅಳುತ್ತಿದ್ದಳು. ಕೆಳಗಿಳಿದು ಅವಳನ್ನು ಮಡಿಲಿಗೆ ಎಳೆದುಕೊಂಡೆ. ಒಲೆಯ ಮುಂದೆ ಬಾರದೆ ಹೋದ ಅಳು ನನಗೂ ಬಂತು. ಒಳಗಿನಿಂದ ಯಜಮಾನರು ಬಂದು, ನಮ್ಮಿಬ್ಬರನ್ನೂ ನೋಡಿ, ಏನೂ ಕೇಳದೆ ಎರಡು ಲೋಟ ನೀರು ತಂದಿಟ್ಟು ಹೋದರು.

ಸಂಜೆ ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು. ರವಿಕೆಗಳನ್ನು ಚೀಲಕ್ಕೆ ಹಾಕಿಕೊಂಡ ಮೇಲೆ, ಆ ರೇಷ್ಮೆಯಲ್ಲಿ ಏನಾದರೂ ಉಳಿದಿದೆಯಾ ಎಂದು ಕೇಳಿದಳು. ಆ ಎರಡು ಬೆರಳಗಲದ ಚೂರನ್ನು ಕೊಟ್ಟೆ. ಇಷ್ಟರಲ್ಲಿ ಏನೂ ಆಗುವುದಿಲ್ಲ ಕಣೆ ಎಂದೆ. ಗೊತ್ತು ಎಂದಳು. ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡು ಹೋದಳು. ನಾನು ಮೂವತ್ತು ವರ್ಷ ಮಂಚದ ಕೆಳಗೆ ತುರುಕಿದ್ದೆಲ್ಲ ಒಂದಲ್ಲ ಒಂದು ದಿನ ಏನಾದರೂ ಆದೀತು ಎಂಬ ಆಸೆಗೆ. ಏನೂ ಆಗದು ಎಂದು ಗೊತ್ತಿದ್ದೂ ಇಟ್ಟುಕೊಂಡವಳು ನನ್ನ ಮಗಳು. ಬಟ್ಟೆಚೂರು ಜೋಪಾನ ಮಾಡುವುದು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಬರುತ್ತದೆ ಎಂದುಕೊಂಡಿದ್ದೆ.