ಟಕ್ ಅಂದ ರೇಡಿಯೋ

ಶಿರಾದ ಕರೆಂಟಿಗೆ ಹೊಸ ಸೊಸೆಯ ಬುದ್ಧಿ. ಸಂಜೆಯಾದರೆ ತವರಿಗೆ ಹೊರಟುಬಿಡುತ್ತಿತ್ತು. ರೇಡಿಯೋ ರಿಪೇರಿಯ ನಸ್ರುಲ್ಲಾ ಬೇರೆ ದಿನವಾದರೆ ಅದನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಆದರೆ ಈ ಭಾನುವಾರ ಸಂಜೆ, ಲಡಾಖಿನ ಗಡಿಯಲ್ಲಿದ್ದ ಅವನ ತಮ್ಮ ಜಹೀರ್ ರೇಡಿಯೋದ ಸೈನಿಕರ ಕಾರ್ಯಕ್ರಮದಲ್ಲಿ ಮನೆಯವರಿಗೆ ನಾಲ್ಕು ಮಾತು ಹೇಳುವವನಿದ್ದ.

ಚೀನಾ ಯುದ್ಧ ಮುಗಿದಿದ್ದರೂ ಜಹೀರ್ ಊರ ಕಡೆ ಬಂದಿರಲಿಲ್ಲ. ಕಾಗದ ಬಂದರೆ ತಾಯಿ ಅಫ್ಜಲುನ್ನೀಸಾ, "ಕಾಗದ ಯಾರು ಬೇಕಾದ್ರೂ ಬರೀತಾರೆ ಬೇಟಾ, ದನಿ ಕೇಳಿದ್ರೆ ನಂಬ್ತೀನಿ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ಹೊಟ್ಟೆಗೆ ಸರಿಯಾಗಿ ಅನ್ನ ತಿಂದೇ ತಿಂಗಳುಗಳಾಗಿದ್ದವು.

ಅದಕ್ಕೇ ನಸ್ರುಲ್ಲಾ ತಲೆ ಓಡಿಸಿದ. ಹಳೇ ಕರೆಗಂಟೆಯ ತಂತಿಸುರುಳಿ, ಒಂದು ಕಬ್ಬಿಣದ ಪಟ್ಟಿ, ಒಂದು ಸ್ಪ್ರಿಂಗು. ಕರೆಂಟು ಇರುವತನಕ ಸುರುಳಿ ಆ ಪಟ್ಟಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಕರೆಂಟು ಹೋದ ತಕ್ಷಣ ಸ್ಪ್ರಿಂಗು ಅದನ್ನು 'ಟಕ್' ಎಂದು ಬ್ಯಾಟರಿಯ ಕಡೆಗೆ ಎಳೆಯುತ್ತಿತ್ತು, ರೇಡಿಯೋ ಮಾತು ಮುಂದುವರಿಸುತ್ತಿತ್ತು. ಬ್ಯಾಟರಿ ಮಾತ್ರ ಗುಜರಿ ಲಾರಿಯದು, ಮುದಿಯಾಗಿತ್ತು.

ಬೆಳಿಗ್ಗೆ ಮೈನ್ ಸ್ವಿಚ್ ಇಳಿಸಿ ಒಮ್ಮೆ ಪರೀಕ್ಷೆ ಮಾಡಿದ್ದೇ ತಪ್ಪಾಯಿತು. ಪಕ್ಕದ ಕಡಲೆಕಾಯಿ ಮಂಡಿಯ ಬಸವಲಿಂಗಯ್ಯ ಕತ್ತು ಚಾಚಿದ.

"ಕರೆಂಟಿಲ್ದೆ ಹಾಡ್ತೈತಾ? ಎಲ್ಲಿ, ಇನ್ನೊಂದ್ಸಲ ಆಫ್ ಮಾಡು!"

ಮನೆಗೆ ಬಂದವರ ಮಾತು ತೆಗೆದುಹಾಕುವುದು ಹೇಗೆ? ನಸ್ರುಲ್ಲಾ ಮಾಡಿದ. ಬಸವಲಿಂಗಯ್ಯ ಹಾಡು ಮುಗಿಯುವವರೆಗೆ ಮೈನ್ ಏರಿಸಲು ಬಿಡಲಿಲ್ಲ. ಆಮೇಲೆ ಅವನ ಮಾವ ಕಳ್ಳಂಬೆಳ್ಳದಿಂದ ಬಂದರು, ಅವರಿಗೂ ತೋರಿಸಬೇಕಾಯಿತು. ಎದುರುಮನೆಯ ಹನುಮಕ್ಕ ತನ್ನ ಓರಗಿತ್ತಿಯರನ್ನೆಲ್ಲ ಹೊರಡಿಸಿಕೊಂಡು ಬಂದಳು.

"ಬ್ಯಾಟ್ರಿ ಖಾಲಿಯಾಗುತ್ತೆ ಅಣ್ಣಾ, ಚಾರ್ಜ್ ಹಾಕೋ ಅಂಗಡಿ ಇವತ್ತು ಬಾಗಿಲು ಹಾಕಿದೆ" ಎಂದು ನಸ್ರುಲ್ಲಾ ಗೋಗರೆದ.

"ಲಾರೀನೇ ಎಳೆಯೋ ಬ್ಯಾಟ್ರಿ ಕಣಯ್ಯ! ಈ ಪೆಟ್ಗೆ ಯಾವ್ ಲೆಕ್ಕ ಬುಡು!" ಎಂದ ಬಸವಲಿಂಗಯ್ಯ.

ಕರೆಂಟಿನಲ್ಲಿ ಓಡುವಾಗ ಆ ರೇಡಿಯೋದಲ್ಲಿ 'ಗುಂಯ್' ಎನ್ನುವ ಸದ್ದೊಂದಿತ್ತು. ಬ್ಯಾಟರಿಗೆ ಬಿದ್ದರೆ ಅದು ನಿಲ್ಲುತ್ತಿತ್ತು. "ಅಯ್ಯೋ ಶಿವ್ನೇ, ಕರೆಂಟ್ ತೆಗುದ್ಮ್ಯಾಕೇ ಚಂದಾಗಿ ಕೇಳ್ತೈತಲ್ಲವ್ವ!" ಎಂದು ಹನುಮಕ್ಕ ಬೆರಗಾದಳು. ಬಾಗಿಲ ಪರದೆಯ ಹಿಂದೆ ನಿಂತಿದ್ದ ಅಫ್ಜಲುನ್ನೀಸಾ ಹೌದೆಂದು ತಲೆಯಾಡಿಸಿದಳು.

ಸಂಜೆ ಬೀದಿಗೆ ಬೀದಿಯೇ ಸೇರಿತು. ವಿಚಿತ್ರವೆಂದರೆ ಅಂದು ಕರೆಂಟು ಹೋಗಲೇ ಇಲ್ಲ. 'ಟಕ್' ಕೇಳಲು ಬಂದವರಿಗೆಲ್ಲ ನಿರಾಸೆ. ನಸ್ರುಲ್ಲಾ ಮಾತ್ರ, ಯಾ ಅಲ್ಲಾ, ಇನ್ನೊಂದು ಗಳಿಗೆ ಕರೆಂಟು ಉಳಿಸು ಎಂದು ಬೇಡಿಕೊಳ್ಳುತ್ತಿದ್ದ.

"ಈಗ ಮೈಸೂರು ರಾಜ್ಯದ ಜಹೀರ್ ಅಹಮದ್..." ಎಂದಿತು ರೇಡಿಯೋ. ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮು ಜಹೀರನದೇ! ನಸ್ರುಲ್ಲಾನ ಕಣ್ಣು ತುಂಬಿತು.

ಅಷ್ಟರಲ್ಲಿ ಕತ್ತಲಾಯಿತು. 'ಟಕ್'! ಪಟ್ಟಿ ಬ್ಯಾಟರಿಯ ಕಡೆಗೆ ಚೊಕ್ಕವಾಗಿ ಸರಿಯಿತು. ಬ್ಯಾಟರಿಯಲ್ಲಿ ಮಾತ್ರ ಏನೂ ಉಳಿದಿರಲಿಲ್ಲ. ರೇಡಿಯೋ ಸುಮ್ಮನಾಯಿತು.

ಬಸವಲಿಂಗಯ್ಯ ಬೆಂಕಿಕಡ್ಡಿ ಗೀರಿದ. ಪಡಸಾಲೆಯ ಗೋಡೆಯ ಹತ್ತಿರ, ಮೈನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ಅಫ್ಜಲುನ್ನೀಸಾ ನಿಂತಿದ್ದಳು.

"ಜಹೀರನ ಹೆಸರು ಬಂತಲ್ಲ, ಓಡಿಬಂದು ಇಳಿಸಿದೆ ಬೇಟಾ. ಈಗ ಚೆನ್ನಾಗಿ ಕೇಳುತ್ತಲ್ಲ?"

ನಸ್ರುಲ್ಲಾ ಓಡಿ ಮೈನ್ ಏರಿಸಿದ. ಆದರೆ ರೇಡಿಯೋದ ವಾಲ್ವುಗಳು ಬಿಸಿಯಾಗದೆ ದನಿ ಬರುವಂತಿರಲಿಲ್ಲ. ಬಂದಾಗ ಪಂಜಾಬಿನ ಯಾವನೋ ಹುಡುಗ ಹಿಂದಿಯಲ್ಲಿ ಹೇಳುತ್ತಿದ್ದ: "ಮಾ, ನಾನು ಚೆನ್ನಾಗಿದ್ದೀನಿ. ಹೊತ್ತಿಗೆ ಸರಿಯಾಗಿ ಊಟ ಮಾಡು."

ಅಫ್ಜಲುನ್ನೀಸಾ ರೇಡಿಯೋಗೆ ಕಿವಿಯಿಟ್ಟು ಬಿಕ್ಕಿದಳು. "ಇದ್ದಾನೆ! ನನ್ನ ಮಗ ಇದ್ದಾನೆ! ಚಳಿಗೆ ಗಂಟಲು ಹೇಗೆ ಕಟ್ಟಿದೆ ನೋಡು, ಗುರುತೇ ಸಿಗಲ್ಲ. ಜಹೀರನೇ ಅಲ್ವಾ?"

ನಸ್ರುಲ್ಲಾ ಬಸವಲಿಂಗಯ್ಯನ ಮುಖ ನೋಡಿದ. ಹನುಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಬೆಳಗಿನಿಂದ ಬಾಯಿ ಮುಚ್ಚದಿದ್ದ ಬಸವಲಿಂಗಯ್ಯ ಕೊನೆಗೆ ಮೆಲ್ಲಗೆ, "ಊಂ ಕಣಮ್ಮ, ಜಹೀರನೇ" ಅಂದ.

ಅಂದು ಅವಳು ಎರಡು ಸಲ ಅನ್ನ ಹಾಕಿಸಿಕೊಂಡು ತಿಂದಳು. ನಸ್ರುಲ್ಲಾನಿಗೆ ತುತ್ತು ಇಳಿಯಲಿಲ್ಲ. ತಮ್ಮನಿಂದ ಅವನಿಗೆ ದಕ್ಕಿದ್ದು ಒಂದು ಕೆಮ್ಮು ಮಾತ್ರ, ಅದನ್ನೂ ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ತಾಯಿ ಕೈ ತೊಳೆದು ಬಂದು ಅವನ ತಲೆ ಸವರಿದಳು.

"ನಿನ್ನ ಯಂತ್ರ ಒಳ್ಳೇದೇ ಬೇಟಾ. ಮುಂದಿನ ಸಲಾನೂ ಮೈನ್ ನಾನೇ ಇಳಿಸ್ತೀನಿ."

"ಆಯ್ತು ಅಮ್ಮೀ" ಎಂದ ನಸ್ರುಲ್ಲಾ.