ಗುಬ್ಬಿಗೆ ಫೋನ್ ಮಾಡದೆ ತಂತ್ರಾಂಶ ಬಳಸುವ ಬಗ್ಗೆ

ಜಿಲ್ಲಾ ಕಚೇರಿ, ಬಟವಾಡಿ, ತುಮಕೂರು
ಸಂಖ್ಯೆ: ಜಿಕತು/ಆಗ್ರಂ/ಕೇಳಬಾರದು/07/2025-26
ದಿನಾಂಕ: 18-11-2025

ಸುತ್ತೋಲೆ

ವಿಷಯ: ‘ಸಲೀಸು’ ತಂತ್ರಾಂಶದ ಆನ್‌ಲೈನ್ ಕಲಿಕಾ ಗ್ರಂಥಾಲಯವನ್ನು ಕಡ್ಡಾಯವಾಗಿ ಓದುವ ಕುರಿತು.

ಉಲ್ಲೇಖ: ಇದೇ ವಿಷಯದ ಆರು ಸುತ್ತೋಲೆಗಳು (ಯಾರೂ ತೆರೆದಿರುವುದಿಲ್ಲ).

ಸಿಬ್ಬಂದಿಯ ಅನುಕೂಲಕ್ಕಾಗಿ 4,112 ಪುಟ ಹಾಗೂ 96 ವಿಡಿಯೋ ಪಾಠಗಳ ಗ್ರಂಥಾಲಯವನ್ನು ಇಂಗ್ಲಿಷಿನಲ್ಲಿ ಒದಗಿಸಲಾಗಿದೆ. ಆದಾಗ್ಯೂ ತುಮಕೂರು ಮತ್ತು ಕುಣಿಗಲ್ ಸಿಬ್ಬಂದಿ, ಗುಬ್ಬಿ ಕಚೇರಿಯ ಗುತ್ತಿಗೆ ಕಂಪ್ಯೂಟರ್ ಆಪರೇಟರ್ ಶ್ರೀಮತಿ ಭಾನುಪ್ರಿಯಾ ಅವರಿಗೆ ಫೋನ್ ಮಾಡಿ “ಭಾನಕ್ಕ, ಸ್ಕ್ರೀನ್ ಸುತ್ತುತಾನೇ ಐತೆ, ಏನ್ ಒತ್ಲಿ ಹೇಳ್ಬುಡು” ಎಂದು ಕೇಳುತ್ತಿರುವುದು, ಅವರು “ಏನೂ ಒತ್ಬೇಡಿ ಸಾರ್, ಟೀ ಕುಡ್ಕೊಂಡ್ ಬನ್ನಿ” ಎನ್ನುತ್ತಿರುವುದು ಹಾಗೂ ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಆಗಿಹೋಗಿರುವುದು ಗಮನಕ್ಕೆ ಬಂದಿದೆ. ಇದನ್ನು ಗಂಭೀರವಾಗಿ ಪರಿಗಣಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಗ್ರಂಥಾಲಯ ಪ್ರವೇಶಿಸಲು ತರಬೇತಿ ಪ್ರಮಾಣಪತ್ರ ಕಡ್ಡಾಯ. ತರಬೇತಿಯು ಗ್ರಂಥಾಲಯದ ಒಳಗಿದೆ.

2. ಕುಣಿಗಲ್ ಕಚೇರಿಯ ಶ್ರೀ ಷಡಕ್ಷರಿ, ಪ್ರಥಮ ದರ್ಜೆ ಸಹಾಯಕರು, ಗ್ರಂಥಾಲಯದ ಹೊರಗಿನ ಮುಖಪುಟದಲ್ಲೇ ಕಾಣುವ 96 ವಿಡಿಯೋಗಳನ್ನೂ ಮುದ್ರಿಸಿ, ದೃಢೀಕರಿಸಿ, ದಾರ ಕಟ್ಟಿ ಸಲ್ಲಿಸಿದ್ದಾರೆ. ಎಲ್ಲ ಹಾಳೆಗಳಲ್ಲೂ ಪ್ಲೇ ಬಟನ್ನಿನ ಒಂದೇ ತ್ರಿಕೋನ ಮುದ್ರಿತವಾಗಿದೆ. ಹಾಳೆ ಉಳಿಸುವ ದೃಷ್ಟಿಯಿಂದ ಇನ್ನು ಮುಂದೆ ವಿಡಿಯೋಗಳನ್ನು ಎರಡೂ ಬದಿ ಮುದ್ರಿಸತಕ್ಕದ್ದು.

3. ಶ್ರೀಮತಿ ಭಾನುಪ್ರಿಯಾ ಅವರು ಕನ್ನಡದಲ್ಲಿ ಬರೆದಿಟ್ಟ ನಲವತ್ತು ಪುಟದ ನೋಟ್‌ಬುಕ್ಕನ್ನು (“ಹಸಿರು ಬಟನ್ ಒತ್ತಿ. ಬರಲಿಲ್ಲವೇ? ಗಾಬರಿಯಾಗಬೇಡಿ”) ವಶಕ್ಕೆ ಪಡೆದು ಬೀರುವಿನಲ್ಲಿ ಇರಿಸಲಾಗಿದೆ. ಅದನ್ನು ಎಲ್ಲರೂ ಓದಿ ಅರ್ಥ ಮಾಡಿಕೊಳ್ಳುತ್ತಿದ್ದುದು ನಿಯಮಬಾಹಿರ.

4. ಸದರಿ ನೋಟ್‌ಬುಕ್ಕನ್ನು ಹುಡುಕಿಕೊಂಡು ಬೀರುವಿನ ಬಳಿ ಓಡಾಡತಕ್ಕದ್ದಲ್ಲ. ಎಷ್ಟು ಸಲ ಹೇಳುವುದು?

5. ಕೆಳಗೆ ಸಹಿ ಮಾಡಿರುವವರೂ ಕಳೆದ ವಾರ ಗುಬ್ಬಿಗೆ ಹನ್ನೊಂದು ಬಾರಿ ಫೋನ್ ಮಾಡಿರುತ್ತಾರೆ ಎಂಬ ಗುಸುಗುಸು ಇದೆ. ಅದು ತಪಾಸಣೆಯ ಭಾಗವಾಗಿತ್ತು.

6. ಗ್ರಂಥಾಲಯವೇ ಇರುವಾಗ ಆಪರೇಟರ್ ಅವಶ್ಯಕತೆ ಇಲ್ಲವೆಂದು ಮೇಲಿನವರು ತೀರ್ಮಾನಿಸಿದ್ದು, ಒಂಬತ್ತು ವರ್ಷ ದುಡಿದಿರುವ ಶ್ರೀಮತಿ ಭಾನುಪ್ರಿಯಾ ಅವರನ್ನು 30-11-2025ರಂದು ಕೆಲಸದಿಂದ ಬಿಡುಗಡೆಗೊಳಿಸಲು ಆದೇಶವಾಗಿದೆ. ಈ ಬಗ್ಗೆ ಈ ಕಚೇರಿಗೆ ಬೇಸರವಿದೆ. ಬೇಸರ ದಾಖಲಿಸಲು ತಂತ್ರಾಂಶದಲ್ಲಿ ಕಾಲಂ ಇರುವುದಿಲ್ಲ.

7. ತಂತ್ರಾಂಶದಲ್ಲಿ ನಮೂದಾಗದ ಯಾವುದೇ ಆದೇಶ ಜಾರಿಗೆ ಬರುವುದಿಲ್ಲ. ಬಿಡುಗಡೆ ಆದೇಶವನ್ನು ನಮೂದಿಸಲು ಮೂವರು ಅಧಿಕಾರಿಗಳು ಎರಡು ದಿನ ಪ್ರಯತ್ನಿಸಿದ್ದು, ಪರದೆ ಸುತ್ತುತ್ತಲೇ ಇದೆ. ವಿಧಾನವು ಗ್ರಂಥಾಲಯದ 2,870ನೇ ಪುಟದಲ್ಲಿದೆ ಎಂದು ತಿಳಿದುಬಂದಿದೆ. ಪ್ರವೇಶಕ್ಕೆ ಅಂಶ 1 ನೋಡುವುದು.

8. ಆದ್ದರಿಂದ ಶ್ರೀಮತಿ ಭಾನುಪ್ರಿಯಾ ಅವರು ಯಾರೂ ಕೇಳದೆ, ತಾವಾಗಿಯೇ ಬಂದು, ತಮ್ಮ ಬಿಡುಗಡೆ ಆದೇಶವನ್ನು ತಾವೇ ನಮೂದಿಸಿಕೊಡತಕ್ಕದ್ದು. ಅಲ್ಲಿಯವರೆಗೆ ಅವರು ಕೆಲಸದಲ್ಲಿ ಮುಂದುವರಿಯುತ್ತಾರೆ.

ಸಹಿ/-
(ಅಂಜನಮೂರ್ತಿ)
ಕಲಿಕಾ ಅಧಿಕಾರಿ (ಪ್ರಭಾರ)

ಪ್ರತಿ:
1. ತುಮಕೂರು, ಕುಣಿಗಲ್ ಕಚೇರಿಗಳ ಎಲ್ಲ ಸಿಬ್ಬಂದಿಗೆ, ಓದಿದಂತೆ ಸಹಿ ಮಾಡಲು.
2. ಶ್ರೀ ಷಡಕ್ಷರಿ ಅವರಿಗೆ, ಮುದ್ರಿಸದಿರಲು.
3. ಬೀರುವಿಗೆ ಅಂಟಿಸಲು.
4. ಶ್ರೀಮತಿ ಭಾನುಪ್ರಿಯಾ ಅವರಿಗೆ, ಮುಂದಿನ ಕ್ರಮಕ್ಕಾಗಿ. (ಅಂಶ 8ರ ಬಗ್ಗೆ ಫೋನಿನಲ್ಲಿ ವಿಚಾರಿಸಲಾಗಿ, “ಏನೂ ಒತ್ಬೇಡಿ ಸಾರ್, ಟೀ ಕುಡ್ಕೊಂಡ್ ಬನ್ನಿ” ಎಂದು ತಿಳಿಸಿರುತ್ತಾರೆ. ಅದರಂತೆ ಕ್ರಮ ವಹಿಸಲಾಗಿದೆ. ಪರದೆ ಇನ್ನೂ ಸುತ್ತುತ್ತಿದೆ.)